ಬಿಳಿನೊಣ: ತರಕಾರಿ ಬೆಳೆಗಳಲ್ಲಿ

ಬಿಳಿನೊಣವು ಟೊಮೇಟೊ, ಬೆಂಡೆ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ, ಕುಂಬಳ ಮುಂತಾದ ಗಿಡಗಳ ಎಲೆಯಡಿಯಲ್ಲಿ ನೆಲೆಸಿ ರಸ ಹೀರುವ ಸಣ್ಣ ಕೀಟ. ಹೆಸರಿನಲ್ಲಿ ನೊಣವಿದ್ದರೂ ಇದು ನೊಣಗಳ ಬಳಗದ್ದಲ್ಲ. ಇದಕ್ಕೆ ಎರಡು ಜೊತೆ ರೆಕ್ಕೆಗಳಿವೆ. ಸಸ್ಯಹೇನು, ಜಿಗಿಹುಳು, ಹಿಟ್ಟುತಿಗಣೆಗಳಿರುವ ಹೆಮಿಪ್ಟೆರ ಗಣಕ್ಕೆ ಸೇರಿದೆ. ಕರ್ನಾಟಕದ ತರಕಾರಿ ತೋಟಗಳಲ್ಲಿ ಪ್ರಧಾನವಾಗಿರುವುದು ಬೆಮಿಸಿಯ ಟಬಾಸಿ. ಅದು ಹೀರುವ ರಸಕ್ಕಿಂತ ಹೊತ್ತು ತರುವ ನಂಜಾಣುವಿನಿಂದಲೇ ಬೆಳೆಗಾರನಿಗೆ ಹೆಚ್ಚಿನ ನಷ್ಟ. ಹಾಗಾಗಿ ಇದರ ಹತೋಟಿ ಸಸಿಮಡಿಯಲ್ಲೇ ಆರಂಭವಾಗಬೇಕು. ಗಿಡ ಮುಟುರಿದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ.

ವರ್ಗೀಕರಣ

ಗ್ರೀಸಿನಲ್ಲಿ ಹೊಗೆಸೊಪ್ಪಿನ ಗಿಡದ ಮೇಲೆ ಸಿಕ್ಕ ಬೆಮಿಸಿಯ ಟಬಾಸಿಯ ಮಾದರಿಗಳನ್ನು ಗೆನಾಡಿಯಸ್ 1889ರಲ್ಲಿ ವರ್ಣಿಸಿದ. ಟಬಾಸಿ ಎಂಬ ಹೆಸರು ಆ ಗಿಡದಿಂದ ಬಂದದ್ದು. ನೋಟಕ್ಕೆ ಒಂದೇ ಆಗಿ ಕಂಡರೂ ಇದು ಒಳಗೊಳಗೇ ಭಿನ್ನವಾದ ಹಲವು ಪ್ರಭೇದಗಳ ಗುಂಪೆಂದು ಈಗ ಬಹುಮಟ್ಟಿಗೆ ಒಪ್ಪಲಾಗಿದೆ. ತಂಪು ಸೀಮೆಗಳ ಗಾಜಿನ ಮನೆಗಳಲ್ಲಿ ಹೆಸರಾದ ಟ್ರಯಾಲ್ಯೂರೋಡಿಸ್ ವೇಪೊರೇರಿಯೋರಂ ಬೇರೆ ಕೀಟ. ತೆಂಗಿನ ಗರಿಗಳಲ್ಲಿ ಸುರುಳಿ ಸುರುಳಿಯಾಗಿ ಮೇಣ ಹರಡುವ ಬಿಳಿನೊಣವೂ ಬೇರೆಯೇ.

ರೂಪ ಮತ್ತು ಜೀವನಚಕ್ರ

ಪ್ರೌಢ ಕೀಟ ಸುಮಾರು 1 ಮಿ.ಮೀ. ಉದ್ದ. ಹಳದಿ ಮೈ, ಮೇಣದ ಪುಡಿ ಬಳಿದ ಬಿಳಿ ರೆಕ್ಕೆ. ಗಿಡ ಅಲುಗಿಸಿದರೆ ಬೂದಿ ಹಾರಿದಂತೆ ಮೇಲೆದ್ದು ಮತ್ತೆ ಎಲೆಯಡಿಗೆ ಸೇರಿಕೊಳ್ಳುತ್ತದೆ. ಹೆಣ್ಣು ಎಳೆ ಎಲೆಗಳ ತಳಭಾಗದಲ್ಲಿ ತೊಟ್ಟಿರುವ ಮೊಟ್ಟೆಗಳನ್ನು ಚುಚ್ಚಿ ನಿಲ್ಲಿಸುತ್ತದೆ. ಗಂಡಿನೊಡನೆ ಕೂಡದ ಹೆಣ್ಣೂ ಮೊಟ್ಟೆಯಿಡಬಲ್ಲದು. ಅವುಗಳಿಂದ ಗಂಡುಗಳು ಮಾತ್ರ ಹುಟ್ಟುತ್ತವೆ. ಮೊದಲ ಹಂತದ ಮರಿ ತುಸು ದೂರ ತೆವಳಿ, ಜಾಗ ಹಿಡಿದು, ಸೊಂಡಿಲು ಚುಚ್ಚಿ ಕೂರುತ್ತದೆ. ಅಲ್ಲಿಂದ ರೆಕ್ಕೆ ಬರುವವರೆಗೆ ಅದು ಕದಲುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಸುಮಾರು ಮೂರು ವಾರ ಸಾಕು. ಆದ್ದರಿಂದ ಒಂದೇ ಬೆಳೆಯ ಅವಧಿಯಲ್ಲಿ ಹಲವು ಪೀಳಿಗೆಗಳು ಕಳೆಯುತ್ತವೆ.

ನೇರ ಹಾನಿ

ರಸ ಹೀರಿದ ಎಲೆ ಹಳದಿಗಟ್ಟಿ ಸೊರಗುತ್ತದೆ. ಕೀಟ ವಿಸರ್ಜಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಬಿಸಿಲನ್ನು ತಡೆಯುತ್ತದೆ. ಎಲೆಯ ಮೇಲ್ಭಾಗ ಜಿಗುಟಾಗಿದ್ದು ಇರುವೆ ಓಡಾಡುತ್ತಿದ್ದರೆ, ಅದಕ್ಕಿಂತ ಮೇಲಿನ ಎಲೆಗಳ ತಳಭಾಗವನ್ನು ನೋಡಬೇಕು.

ಟೊಮೇಟೊ ಎಲೆಮುಟುರು ರೋಗ

ಬಿಳಿನೊಣ ತರುವ ರೋಗಗಳಲ್ಲಿ ಕರ್ನಾಟಕದ ರೈತನನ್ನು ಹೆಚ್ಚು ಕಾಡಿದ್ದು ಇದು. ಬೆಂಗಳೂರು, ಕೋಲಾರದ ಬಯಲುಗಳಲ್ಲಿ ‘ಮುಟುರು’ ಎಂದರೆ ಸಾಕು, ಟೊಮೇಟೊ ಬೆಳೆದವರಿಗೆ ಬೇರೆ ವಿವರಣೆ ಬೇಡ. ತುದಿ ಎಲೆಗಳು ಚಿಕ್ಕದಾಗಿ ಒಳಕ್ಕೆ ಮಡಚಿಕೊಂಡು, ಗೆಣ್ಣುಗಳ ಅಂತರ ಕುಗ್ಗಿ, ಗಿಡ ಪೊದೆಯಂತೆ ಕುಳ್ಳಾಗುತ್ತದೆ. ಹೂ ಉದುರುತ್ತದೆ. ಭಾರತದಲ್ಲಿ ಈ ರೋಗವನ್ನು 1948ರಲ್ಲಿ ವಾಸುದೇವ ಮತ್ತು ಸ್ಯಾಮ್ ರಾಜ್ ವರದಿ ಮಾಡಿದರು. ರೋಗಕಾರಕವು ಬೆಗೊಮೊವೈರಸ್ ಕುಲದ ನಂಜಾಣು.

ರೋಗಿ ಗಿಡದ ರಸ ಹೀರಿದಾಗ ನಂಜಾಣು ಬಿಳಿನೊಣದ ಕರುಳನ್ನು ದಾಟಿ, ಮೈಯೊಳಗೆ ಸಂಚರಿಸಿ, ಜೊಲ್ಲಿನ ಗ್ರಂಥಿಯನ್ನು ಸೇರುತ್ತದೆ. ಇದಕ್ಕೆ ಕೆಲವು ಗಂಟೆಗಳು ಬೇಕು. ಆಮೇಲೆ ಆ ಕೀಟ ದಿನಗಟ್ಟಲೆ ರೋಗ ಹಂಚುತ್ತದೆ. ಆರೋಗ್ಯವಂತ ಗಿಡಕ್ಕೆ ನಂಜು ತಗಲಲು ಅದು ಅಲ್ಲಿ ಅಲ್ಪ ಹೊತ್ತು ರಸ ಹೀರಿದರೂ ಸಾಕು. ಪಕ್ಕದ ಹೊಲದಿಂದ ಬಂದ ಕೀಟ ನಿಮ್ಮ ಔಷಧಿಗೆ ಸಾಯುವುದರೊಳಗೆ ತನ್ನ ಕೆಲಸ ಮುಗಿಸಿರುತ್ತದೆ. ಸಿಂಪಡಣೆಯೊಂದರಿಂದಲೇ ಮುಟುರು ನಿಲ್ಲದಿರುವುದಕ್ಕೆ ಇದು ಮುಖ್ಯ ಕಾರಣ.

ಸೋಂಕು ಯಾವ ವಯಸ್ಸಿನಲ್ಲಿ ತಗಲಿತು ಎಂಬುದರ ಮೇಲೆ ನಷ್ಟ ನಿಂತಿದೆ. ಶಾಸ್ತ್ರಿ ಮತ್ತು ಸಿಂಗ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಾಟಿಯಾದ 20 ದಿನಗಳೊಳಗೆ ರೋಗ ತಗಲಿದ ಗಿಡಗಳಲ್ಲಿ ಇಳುವರಿ ನಷ್ಟ ಶೇ. 90ನ್ನು ಮೀರಿತ್ತು, 50 ದಿನಗಳ ಹೊತ್ತಿಗೆ ತಗಲಿದಾಗ ಅದು ಶೇ. 30ರೊಳಗಿತ್ತು. ಹತೋಟಿಯ ಕ್ರಮಗಳೆಲ್ಲ ಮೊದಲ ತಿಂಗಳ ಸುತ್ತ ಹೆಣೆದುಕೊಂಡಿರುವುದು ಇದರಿಂದಲೇ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಮತ್ತು ಸಂಗಡಿಗರು ಈ ರೋಗವನ್ನು ದಶಕಗಳ ಕಾಲ ಬೆನ್ನು ಹತ್ತಿದರು. ಬೇಸಗೆಯಲ್ಲಿ ನಾಟಿ ಮಾಡಿದ, ರೋಗ ತಾಳದ ತಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ಗಿಡಗಳೂ ಮುಟುರಬಹುದೆಂದು ಈ ಕೆಲಸ ತೋರಿಸಿತು. ಬದುವಿನ ಕಳೆಗಳೂ ನಂಜಾಣುವಿನ ಆಸರೆ ಎಂಬುದು ತಿಳಿಯಿತು. 1999ರಲ್ಲಿ ಕೋಲಾರ ಜಿಲ್ಲೆಯಲ್ಲಿ ರೋಗ ತೀವ್ರವಾಗಿ ಹರಡಿದಾಗ, ಹೊರದೇಶದಿಂದ ಬಂದ ‘ಬಿ’ ಜೈವಿಕ ಪ್ರಕಾರದ ಬಿಳಿನೊಣ ಅಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದರ ಮೊದಲ ದಾಖಲೆ ಇದೇ. ಇದರ ಮರಿಗಳು ರಸ ಹೀರಿದ ಕುಂಬಳದ ಎಲೆಗಳು ಬೆಳ್ಳಿಬಣ್ಣಕ್ಕೆ ತಿರುಗುವುದು ಗುರುತಿನ ಲಕ್ಷಣ.

ಇದೇ ಸಂಶೋಧನೆಯ ಫಲವಾಗಿ ನಂದಿ, ಸಂಕ್ರಾಂತಿ, ವೈಭವ ಎಂಬ ನಿರೋಧಕ ಟೊಮೇಟೊ ತಳಿಗಳು ಬಂದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣ ತಳಿ ಎಲೆಮುಟುರು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ.

ಬೆಂಡೆಯ ಹಳದಿ ನರ ರೋಗ

ಬಿಳಿನೊಣವೇ ಹರಡುವ ಈ ನಂಜುರೋಗದಲ್ಲಿ ಎಲೆಯ ನರಗಳು ಬಲೆಯಂತೆ ಹಳದಿಯಾಗಿ, ಕಾಯಿ ಬಿಳಿಚಿ ಗಡುಸಾಗುತ್ತದೆ. ಕಾಡುಬೆಂಡೆಯ ಸಂಕರದಿಂದ ಹೆಸರಘಟ್ಟದಲ್ಲಿ ರೂಪುಗೊಂಡ ಅರ್ಕಾ ಅನಾಮಿಕ ಇದಕ್ಕೆ ನಿರೋಧಕವಾಗಿತ್ತು. ಕಾಲಕ್ರಮೇಣ ಹಲವೆಡೆ ಆ ಶಕ್ತಿ ಕುಗ್ಗಿದೆ. ತಳಿ ಒಂದು ಆಸರೆ. ಅದನ್ನೇ ನಂಬಿ ಉಳಿದ ಎಚ್ಚರ ಬಿಡುವಂತಿಲ್ಲ.

ಹತೋಟಿ

ಸಸಿಮಡಿಗೆ ಮೊದಲ ದಿನದಿಂದಲೇ ನುಣ್ಣನೆಯ ನೈಲಾನ್ ಪರದೆ ಹೊದಿಸಿ, ನಾಟಿಯವರೆಗೆ ತೆಗೆಯದಿರುವುದು ಅತ್ಯಂತ ಫಲಕಾರಿ ಕ್ರಮ. ಅಂಚುಗಳನ್ನು ಮಣ್ಣಿನಿಂದ ಮುಚ್ಚಬೇಕು. ಕೈತೋಟದಲ್ಲಿ ಬಿದಿರಿನ ಕಮಾನಿಗೆ ಪರದೆ ಕಟ್ಟಿದರೆ ಇದೇ ಕೆಲಸವಾಗುತ್ತದೆ. ಕೊಂಡು ತರುವ ಸಸಿಯನ್ನು ತಿರುಗಿಸಿ ತಳಭಾಗ ನೋಡಿಯೇ ತರಬೇಕು.

ಹೊಲದ ಸುತ್ತ ಮೆಕ್ಕೆಜೋಳ ಅಥವಾ ಜೋಳದ ಎರಡು ಮೂರು ಸಾಲುಗಳನ್ನು ನಾಟಿಗೆ ಮೊದಲೇ ಬಿತ್ತಿ ಎತ್ತರಕ್ಕೆ ಬೆಳೆಸಿದರೆ ಹಾರಿಬರುವ ಕೀಟಕ್ಕೆ ತಡೆಯಾಗುತ್ತದೆ. ಹಳದಿ ಅಂಟುಹಾಳೆಗಳು ಕೀಟದ ಬರವನ್ನು ಮೊದಲೇ ತಿಳಿಸುತ್ತವೆ; ದೊಡ್ಡ ಹೊಲದಲ್ಲಿ ಅವುಗಳಿಂದಲೇ ಹತೋಟಿಯನ್ನು ನಿರೀಕ್ಷಿಸಬಾರದು. ಮೊದಲ ವಾರಗಳಲ್ಲಿ ಮುಟುರಿದ ಗಿಡ ಕಂಡರೆ ಕನಿಕರಪಡದೆ ಕಿತ್ತು ನಾಶಮಾಡಬೇಕು. ಸಾರಜನಕ ಅತಿಯಾದರೆ ಎಳೆಸೊಪ್ಪು ಹೆಚ್ಚಿ ಕೀಟಕ್ಕೆ ಅನುಕೂಲ.

ಸಿಂಪಡಣೆಗೆ ಶೇ. 5ರ ಬೇವಿನ ಬೀಜದ ಕಷಾಯ ಉತ್ತಮ. ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ತುಸು ಸಾಬೂನು ಬೆರೆಸಿ, ಸಂಜೆ ಹೊತ್ತು ಎಲೆಯ ತಳಭಾಗ ನೆನೆಯುವಂತೆ ಹೊಡೆಯಬೇಕು. ಮೇಲಿನಿಂದ ಹೊಡೆದರೆ ಮರಿಗಳಿಗೆ ತಾಕುವುದಿಲ್ಲ. ಒಂದೇ ಬಗೆಯ ರಾಸಾಯನಿಕವನ್ನು ಪದೇ ಪದೇ ಬಳಸಿದರೆ ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮರಿಯೊಳಗೆ ಮೊಟ್ಟೆಯಿಡುವ ಎನ್ಕಾರ್ಸಿಯದಂಥ ಪರತಂತ್ರ ಕಣಜಗಳು, ಗುಲಗಂಜಿ ಹುಳು, ಹಸಿರು ಜಾಲರೆಕ್ಕೆ ಕೀಟಗಳೂ ಆ ರಾಸಾಯನಿಕದಿಂದ ಸಾಯುತ್ತವೆ.

ಕೊಯ್ಲು ಮುಗಿದ ಹಳೆಯ ಗಿಡಗಳನ್ನು ಹಾಗೆಯೇ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕೊಳವೆಬಾವಿಯ ನೀರಿನಿಂದ ವರ್ಷವಿಡೀ ಟೊಮೇಟೊ ಬೆಳೆಯುವ ಊರುಗಳಲ್ಲಿ ಒಬ್ಬರ ಹಳೆಯ ತೋಟವೇ ಇನ್ನೊಬ್ಬರ ಹೊಸ ಸಸಿಗೆ ನಂಜಿನ ಮೂಲ. ಕೊನೆಯ ಕೊಯ್ಲಿನ ಮರುದಿನವೇ ಗಿಡಗಳನ್ನು ಕಿತ್ತು, ಬದುವಿನ ಕಳೆ ತೆಗೆದು, ನೆರೆಹೊರೆಯವರು ಒಟ್ಟಾಗಿ ನಾಟಿಯ ಸಮಯ ಹೊಂದಿಸಿಕೊಂಡರೆ ಯಾವ ಔಷಧಿಗೂ ಆಗದಷ್ಟು ರಕ್ಷಣೆ ದೊರೆಯುತ್ತದೆ.