ರಹದಾರಿಯ ಪೂರ್ವೋತ್ತರ

ತಲಘಟ್ಟಪುರವು ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ರೇಷ್ಮೆಯ ಸಂಶೋಧನಾಲಯವೊಂದು ಇಲ್ಲಿರುವ ಕಾರಣ ಮೆಟ್ರೋ ಹಾದಿಯ ಕೊನೆಯ ನಿಲ್ದಾಣಕ್ಕೆ ಅದರ ಹೆಸರೇ ಬಂದಿದೆ. 2021ರ ಜನವರಿಯಲ್ಲಿ ಆ ಹಾದಿಯು ಇಲ್ಲಿಯವರೆಗೆ ಬೆಳೆದ ಮೇಲೆ ಊರು ನಗರಕ್ಕೆ ಇನ್ನಷ್ಟು ಸಮೀಪವಾಯಿತು. ಈ ಕಡೆಯ ಮನೆಗಳಲ್ಲಿ ಕುಳಿತು ಪರದೇಶದ ಕಂಪನಿಗಳ ಕೆಲಸವನ್ನು ಗಣಕಯಂತ್ರದ ಮೂಲಕ ನಡೆಸತಕ್ಕ ತರುಣರುಂಟು. ಎಲ್ಲಿಂದ ಮಾಡಿದರೂ ನಡೆಯತಕ್ಕ ಕೆಲಸವನ್ನು ಒಂದೆರಡು ವರ್ಷ ಪರದೇಶದಲ್ಲಿಯೇ ಕುಳಿತು ಏಕೆ ಮಾಡಬಾರದೆಂದು ಇವರಲ್ಲಿ ಕೆಲವರು ಕೇಳುತ್ತಾರೆ. ಇಂಥವರಿಗಾಗಿಯೇ ಹಲವು ಸರ್ಕಾರಗಳು ‘ಡಿಜಿಟಲ್ ನೋಮ್ಯಾಡ್ ವೀಸಾ’ ಎಂಬ ರಹದಾರಿಯನ್ನು ಏರ್ಪಡಿಸಿವೆ. ಹೆಸರು ಹೊಸದು. ಆದರೆ ಇದರ ಹಿಂದಿರುವ ಪ್ರಶ್ನೆ ಬಹು ಹಳೆಯದು. ಅದರ ಪೂರ್ವೋತ್ತರವನ್ನು ಸಂಗ್ರಹವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ರಹದಾರಿಯ ಪ್ರಸ್ತಾಪವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ದೊರೆಯುತ್ತದೆ. ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ನಮ್ಮವರೇ ಆದ ರುದ್ರಪಟ್ಟಣದ ಶಾಮಶಾಸ್ತ್ರಿಗಳೆಂಬುದು ವಾಚಕರಿಗೆ ತಿಳಿದೇ ಇದೆ. ಅದರಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯುಂಟು. ಒಂದು ಮಾಷಕವನ್ನು ತೆತ್ತು ಅವನಿಂದ ಮುದ್ರೆಯನ್ನು ಪಡೆದವನು ಜನಪದಕ್ಕೆ ಬರಬಹುದು, ಹೋಗಬಹುದು. ಮುದ್ರೆಯಿಲ್ಲದೆ ಓಡಾಡಿದ ಜಾನಪದನಿಗೆ 12 ಪಣಗಳ ದಂಡ. ಆ ವಿಧಿಯಲ್ಲಿ ಪ್ರಯಾಣಿಕನ ವರಮಾನದ ಮಾತಿಲ್ಲ. ಆದರೆ ಕಳ್ಳಮುದ್ರೆಯನ್ನು ತೋರಿಸಿದವನು ಸ್ವದೇಶದವನಾದರೆ ಕೆಳಗಿನ ದಂಡ, ಪರದೇಶದವನಾದರೆ ಎಲ್ಲಕ್ಕೂ ಮೇಲಿನ ದಂಡ. ನಮ್ಮವನು, ಹೊರಗಿನವನು ಎಂಬ ಭೇದವು ಅಂದಿನಿಂದಲೂ ರಹದಾರಿಯ ಜೊತೆಗೇ ನಡೆದುಬಂದಿದೆ.

ಈಗ ಹತ್ತಿರದ ಕಾಲಕ್ಕೆ ಬರೋಣ. ತಲಘಟ್ಟಪುರದಿಂದ ಪೇಟೆಯ ಕಡೆಗೆ ಹೋದರೆ ಬಸವನಗುಡಿಯ ಮಗ್ಗುಲಲ್ಲಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಬಡಾವಣೆ ಸಿಕ್ಕುತ್ತದೆ. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮಶೇಟ್‌ಜಿ ಟಾಟಾ ಅವರು ಅಲ್ಲಿ ರೇಷ್ಮೆಯ ತೋಟವನ್ನು ನಡೆಸಿ, ಜಪಾನಿನ ಕ್ರಮವನ್ನು ಕಲಿಸಲು ಆ ದೇಶದ ತಜ್ಞರನ್ನೇ ಕರೆತರಿಸಿದರು. ಇತ್ತ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ನೋಡಿಬಂದರು. ಪ್ರತಿಯೊಬ್ಬ ಪ್ರಯಾಣಿಕನೂ ವೀಸಾ ಪಡೆಯಬೇಕೆಂಬ ಇಂದಿನ ಕಟ್ಟುಪಾಡು ಆಗ ಇರಲಿಲ್ಲ. ಹಾಗೆಂದು ಆ ಕಾಲವು ಎಲ್ಲರಿಗೂ ಬಾಗಿಲು ತೆರೆದಿತ್ತೆಂದು ಭಾವಿಸಕೂಡದು. 1901ರಲ್ಲಿ ಆಸ್ಟ್ರೇಲಿಯದವರು ಯೂರೋಪಿನ ಭಾಷೆಯೊಂದರಲ್ಲಿ ಉಕ್ತಲೇಖನದ ಪರೀಕ್ಷೆಯನ್ನು ವಿಧಿಸಿ, ಬಣ್ಣದ ಹೆಸರೆತ್ತದೆಯೇ ಏಷ್ಯದವರನ್ನು ಹೊರಗಿಟ್ಟರು. 1914ರ ಮಹಾಯುದ್ಧವು ಈ ಬಗೆಯ ತಡೆಯನ್ನು ಲೋಕವ್ಯಾಪಿಯಾಗಿ ಮಾಡಿತು. 1920ರಲ್ಲಿ ಇಂಡಿಯಾದ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಅದೇ ವರ್ಷ ಪ್ಯಾರಿಸಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಸೇರಿದ ಸಭೆಯು ಪಾಸ್‌ಪೋರ್ಟಿನ ಪುಸ್ತಕಕ್ಕೆ ಒಂದು ಸಮಾನರೂಪವನ್ನು ಗೊತ್ತುಮಾಡಿತು.

ಸ್ವಾತಂತ್ರ್ಯ ಬಂದ ಮೇಲೆಯೂ ಪಾಸ್‌ಪೋರ್ಟು ಸರ್ಕಾರದ ಅನುಗ್ರಹವೆಂಬ ಭಾವನೆಯೇ ಉಳಿದಿತ್ತು. ಪರದೇಶಕ್ಕೆ ಹೋಗುವುದು ಪ್ರಜೆಯ ಹಕ್ಕೆಂದು ಹೇಳಿದ ನ್ಯಾಯಾಲಯಗಳಲ್ಲಿ ನಮ್ಮ ಮೈಸೂರು ಹೈಕೋರ್ಟೂ ಒಂದು. ಆ ತೀರ್ಪು 1965ರ ವರದಿಗಳಲ್ಲಿದೆ. 1967ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಸತವಂತ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಅದೇ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಅದೇ ವರ್ಷ ಹೊಸ ಪಾಸ್‌ಪೋರ್ಟ್ ಕಾಯಿದೆಯೂ ಹುಟ್ಟಿತು. ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ನಮ್ಮ ನ್ಯಾಯಾಲಯವು ಕೊಡಬಲ್ಲದ್ದು ಹೊರಡುವ ಹಕ್ಕನ್ನು ಮಾತ್ರ. ಇನ್ನೊಬ್ಬರ ನಾಡನ್ನು ಹೊಗುವ ಹಕ್ಕು ಅದರ ಕೈಯಲ್ಲಿಲ್ಲ.

ಮನುಷ್ಯನಿಗೆ ಹೀಗೆ ಬಾಗಿಲುಗಳು ಬಿಗಿಯಾಗುತ್ತಿರಲು, ಅವನ ಕೆಲಸಕ್ಕೆ ಮಾತ್ರ ಅವು ತೆರೆದುಕೊಂಡವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿಯು ಬೆಂಗಳೂರಿನಲ್ಲಿ ಕಾರ್ಯಾಲಯವನ್ನು ತೆರೆದು ಉಪಗ್ರಹದ ಮೂಲಕ ಕೆಲಸವನ್ನು ತನ್ನ ದೇಶಕ್ಕೆ ತರಿಸಿಕೊಂಡಿತು. ಈ ಸ್ಥಿತಿಯ ಮುಂದಿನ ಹೆಜ್ಜೆಯನ್ನು ಊಹಿಸಿ, 1997ರಲ್ಲಿ ತ್ಸುಗಿಯೊ ಮಾಕಿಮೊಟೊ ಎಂಬ ಜಪಾನೀ ವಿದ್ವಾಂಸರೂ ಡೇವಿಡ್ ಮ್ಯಾನರ್ಸರೂ ‘ಡಿಜಿಟಲ್ ನೋಮ್ಯಾಡ್’ ಎಂಬ ಹೆಸರಿನಲ್ಲಿಯೇ ಒಂದು ಗ್ರಂಥವನ್ನು ಬರೆದರು. 2020ರ ಸಾಂಕ್ರಾಮಿಕದಲ್ಲಿ ಆ ಊಹೆ ನಿಜವಾಯಿತು. ಆ ವರ್ಷದ ಜುಲೈಯಲ್ಲಿ ಬಾರ್ಬಡೋಸ್ ದ್ವೀಪವೂ ಆಗಸ್ಟಿನಲ್ಲಿ ಎಸ್ಟೋನಿಯವೂ ಇಂಥ ರಹದಾರಿಯನ್ನು ಕೊಡತೊಡಗಿದವು.

ಈ ಹೊಸ ಮುದ್ರೆಯ ಬೆಲೆ ಒಂದು ಮಾಷಕವಲ್ಲ. ಬಾರ್ಬಡೋಸಿನವರು ವರ್ಷಕ್ಕೆ 50,000 ಡಾಲರುಗಳ ವರಮಾನವನ್ನು ಕೇಳಿದರು. ಎಸ್ಟೋನಿಯದವರು ಮೊದಲು ತಿಂಗಳಿಗೆ 3,504 ಯೂರೋಗಳನ್ನು ಗೊತ್ತುಮಾಡಿದರು. ಪೋರ್ಚುಗಲ್ಲಿನವರು 2022ರ ಅಕ್ಟೋಬರಿನಲ್ಲಿ ತಮ್ಮ ದೇಶದ ಕನಿಷ್ಠ ವೇತನದ ನಾಲ್ಕರಷ್ಟನ್ನು ನಿಯಮಿಸಿದರು. ಜಪಾನು 2024ರ ಮಾರ್ಚಿ 31ರಂದು ತೆರೆದ ಬಾಗಿಲಿಗೆ ವರ್ಷಕ್ಕೆ 1 ಕೋಟಿ ಯೆನ್ ಬೇಕು. ಅಷ್ಟಿದ್ದರೂ ಸಾಲದು, ಅರ್ಜಿದಾರನು ಜಪಾನಿನವರು ಹೆಸರಿಸಿದ ದೇಶಗಳ ಪ್ರಜೆಯಾಗಿರಬೇಕು. ಆ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಒಂದೇ ಕಂಪನಿಯಲ್ಲಿ ಒಂದೇ ಸಂಬಳಕ್ಕೆ ದುಡಿಯುವ ಇಬ್ಬರಲ್ಲಿ ಒಬ್ಬನಿಗೆ ಅರ್ಜಿ ಹಾಕುವ ಅವಕಾಶವುಂಟು, ತಲಘಟ್ಟಪುರದವನಿಗೆ ಇಲ್ಲ. ಜಪಾನಿನ ತಜ್ಞರಿಂದ ರೇಷ್ಮೆಯ ವಿದ್ಯೆಯನ್ನು ಕಲಿತ ಊರಿನವರು ಇದನ್ನು ನೋಡಿ ನಿಟ್ಟುಸಿರು ಬಿಟ್ಟರೆ ಆಶ್ಚರ್ಯವೇನು?

ಇತರ ದೇಶಗಳಿಗೆ ಅರ್ಜಿ ಹಾಕತಕ್ಕವರೂ ಈ ಚರಿತ್ರೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಬ್ಯಾಂಕಿನ ಲೆಕ್ಕ, ಆರೋಗ್ಯವಿಮೆ, ಪೊಲೀಸರ ಪ್ರಮಾಣಪತ್ರ ಇವು ಅಲೆದಾಡಿದರೆ ದೊರೆಯತಕ್ಕವು. ಹೊರಗಿನಿಂದ ದುಡಿಯಲು ಒಪ್ಪಿಗೆಯಿದೆಯೆಂಬ ಮಾಲಿಕನ ಪತ್ರವು ಇವುಗಳಿಗಿಂತ ಕಷ್ಟದ್ದು. ಆ ಕೆಲಸ ಹೋದರೆ ರಹದಾರಿಯ ಆಧಾರವೇ ಕುಸಿಯುತ್ತದೆ. ಪೋರ್ಚುಗಲ್, ಸ್ಪೇನ್ ಮುಂತಾದ ದೇಶಗಳಲ್ಲಿ ವರ್ಷಕ್ಕೆ 183 ದಿನಗಳನ್ನು ಮೀರಿ ನಿಂತವರು ಅಲ್ಲಿಯ ತೆರಿಗೆಯ ಲೆಕ್ಕಕ್ಕೂ ಸೇರುತ್ತಾರೆ. ಅಲೆಮಾರಿಯೆಂಬ ಹೆಸರಿದ್ದರೂ ಕಟ್ಟುಗಳು ಕಡಿಮೆಯಾಗಿಲ್ಲ.

ಹೊರಡುವುದು ಹಕ್ಕು, ಹೊಗುವುದು ಅನುಗ್ರಹ. ಅನುಗ್ರಹದ ನಿಯಮಗಳನ್ನು ಕೊಡುವವರು ಬರೆಯುತ್ತಾರೆ, ಅವರೇ ತಿದ್ದುತ್ತಾರೆ. ಆದಕಾರಣ ಅರ್ಜಿ ತಿರಸ್ಕೃತವಾಗಿ ಬಂದಾಗ ಅದನ್ನು ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದು ಯಾವ ತರುಣನೂ ತಿಳಿಯಬೇಕಾಗಿಲ್ಲ. ಮನೆಯ ಹಿರಿಯರೂ ಹಾಗೆ ತಿಳಿಯಬಾರದು. ಕೆಲಸದ ಯೋಗ್ಯತೆಯನ್ನು ಅದು ದಿನವೂ ಗಡಿ ದಾಟಿ ಹೋಗಿ ಸ್ವೀಕೃತವಾಗುವುದರಿಂದಲೇ ತಿಳಿಯಬಹುದು.