ಸೂಪರ್‌ಚಾರ್ಜರ್ ಕಾರಿಗೆ ಕೋಲ್ಡ್ ಏರ್ ಇಂಟೇಕ್: ಪಿಕಪ್ ನಿಜವಾಗಿ ಹೆಚ್ಚಾಗ್ತದಾ?

ಮಂಗಳೂರಿನಿಂದ ಕಾರಿನಲ್ಲಿ ಮುನ್ನಾರ್‌ಗೆ ಹೋಗುವ ಯುವಕರಲ್ಲಿ ಕೆಲವರು ಅಲ್ಲಿಗೇ ನಿಲ್ಲುವುದಿಲ್ಲ. ಪೂಪ್ಪಾರ ದಾಟಿ ಬೋಡಿಮೆಟ್ಟಿಗೆ ಬಂದು, 17 ಹೇರ್‌ಪಿನ್ ತಿರುವುಗಳನ್ನು ಇಳಿದರೆ ತಮಿಳುನಾಡಿನ ಬೋಡಿನಾಯಕನೂರು, ಅದರಾಚೆ ತೇನಿ. ತೇನಿಯಿಂದ ಒಂದು ರಸ್ತೆ ದ್ರಾಕ್ಷಿ ತೋಟಗಳ ಕಂಬಂ ಕಣಿವೆ ಹಾದು ಕುಮಳಿ ಘಾಟಿ ಹತ್ತುತ್ತದೆ. ಇನ್ನೊಂದು ವತ್ತಲಗುಂಡು ಮೂಲಕ ದಿಂಡಿಗಲ್‌ಗೆ ಹೋಗುತ್ತದೆ. ಕೊಡೈಕೆನಾಲ್‌ಗೆ ಘಾಟಿ ಹತ್ತುವವರೂ ಸಾಮಾನ್ಯವಾಗಿ ವತ್ತಲಗುಂಡಿನ ಕಡೆಯಿಂದ ತಿರುಗುತ್ತಾರೆ.

ಬಿಸಿಲು, ಧೂಳು, ಗಾಳಿ, ಕಡಿದಾದ ಏರು ಇವೆಲ್ಲ ಒಂದೇ ದಿನದ ಪ್ರಯಾಣದಲ್ಲಿ ಸಿಗುವ ಜಾಗ ಇದು. ಇಂಥ ಪ್ರವಾಸಕ್ಕೆ ಮೊದಲು ಕಾರಿನ ಮೇಲೆ ಹುಚ್ಚು ಇರುವವರ ನಡುವೆ ಏಳುವ ಮಾತೊಂದಿದೆ: ‘ಕೋಲ್ಡ್ ಏರ್ ಇಂಟೇಕ್ ಹಾಕಿಸು ಮಾರಾಯ, ಪಿಕಪ್ ಬೇರೆಯೇ ಆಗ್ತದೆ.’ ಕಿಟ್‌ನ ಬೆಲೆ ಹತ್ತಾರು ಸಾವಿರ ರೂಪಾಯಿ. ಕೆಲವು ಕಾರುಗಳಿಗೆ ಲಕ್ಷವೂ ದಾಟುತ್ತದೆ. ಅಷ್ಟು ಹಣಕ್ಕೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದನ್ನು ತಿಳಿದುಕೊಂಡೇ ಕೈಹಾಕುವುದು ಒಳ್ಳೆಯದು.

ಸೂಪರ್‌ಚಾರ್ಜರ್ ಎಂದರೇನು?

ಪೆಟ್ರೋಲ್ ಉರಿಯಲು ಗಾಳಿ ಬೇಕು. ಸಾಮಾನ್ಯ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಇರುವ ಎಂಜಿನ್‌ಗೆ ಒಂದು ಪಂಪು ಗಾಳಿಯನ್ನು ಒತ್ತಿ ತುಂಬುತ್ತದೆ. ಈ ಪಂಪು ಎಂಜಿನ್‌ನ ಬೆಲ್ಟಿನಿಂದ ತಿರುಗುತ್ತದೆ. ಟರ್ಬೊ ಸಹ ಗಾಳಿ ತುಂಬುವುದೇ, ಆದರೆ ಅದನ್ನು ತಿರುಗಿಸುವುದು ಸೈಲೆನ್ಸರ್ ಕಡೆಗೆ ಹೋಗುವ ಹೊಗೆ.

ಭಾರತದ ರಸ್ತೆಯಲ್ಲಿ ಸೂಪರ್‌ಚಾರ್ಜರ್ ಕಾರುಗಳು ಕಡಿಮೆ, ಆದರೂ ಇಲ್ಲವೆಂದಿಲ್ಲ. ಮರ್ಸಿಡಿಸ್‌ನ ಹಳೆಯ ‘ಕಾಂಪ್ರೆಸರ್’ ಮಾದರಿಗಳು, ಜಾಗ್ವಾರ್ ಎಫ್-ಟೈಪ್‌ನ 5 ಲೀಟರ್ ವಿ8, ಆಡಿಯ ಹಿಂದಿನ 3 ಲೀಟರ್ ಟಿಎಫ್ಎಸ್ಐ ಎಂಜಿನ್ ಇವೆಲ್ಲ ಆ ಜಾತಿಯವು. ಇವು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತಿರುವುದರಿಂದ ಯುವಕರ ಕಣ್ಣು ಇವುಗಳ ಮೇಲೆ ಬಿದ್ದಿದೆ.

ತಂಪು ಗಾಳಿಯ ಲೆಕ್ಕ

ಗಾಳಿ ತಂಪಾದಷ್ಟೂ ದಟ್ಟವಾಗುತ್ತದೆ. ಸೂಪರ್‌ಚಾರ್ಜರ್ ಪ್ರತಿ ಸುತ್ತಿಗೆ ಎಳೆದುಕೊಳ್ಳುವ ಗಾಳಿಯ ಗಾತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಷ್ಟು ತೂಕದ ಗಾಳಿ ಒಳಗೆ ಹೋಗುತ್ತದೆ ಎಂಬುದು ಅದರ ಬಾಯಿಯಲ್ಲೇ ತೀರ್ಮಾನವಾಗುತ್ತದೆ. ಈ ದೃಷ್ಟಿಯಲ್ಲಿ ಇಂಟೇಕ್ ಮಾರುವವರು ಹೇಳುವುದರಲ್ಲಿ ಹುರುಳಿದೆ. ಪ್ರಶ್ನೆ ಇರುವುದು ಎಷ್ಟು ಎಂಬುದರಲ್ಲಿ.

ತೇನಿಯಲ್ಲಿ ಹೊರಗಿನ ಗಾಳಿ 35 ಡಿಗ್ರಿ ಇದೆ ಎಂದುಕೊಳ್ಳಿ. ಹೊಸ ಕಾಲದ ಕಾರುಗಳಲ್ಲಿ ಕಂಪನಿಯ ಏರ್ ಫಿಲ್ಟರ್ ಡಬ್ಬಿಯ ಬಾಯಿ ಸಾಮಾನ್ಯವಾಗಿ ಮುಂದಿನ ಗ್ರಿಲ್ ಅಥವಾ ಫೆಂಡರ್ ಕಡೆಗೇ ಇರುತ್ತದೆ. ಅಂದರೆ ಅದೂ ಕೋಲ್ಡ್ ಏರ್ ಇಂಟೇಕೇ. ಅದರೊಳಗೆ ಗಾಳಿ 40 ಡಿಗ್ರಿ ಆಗಿದ್ದರೆ, ಹೊಸ ಕಿಟ್ ಅದನ್ನು ಪೂರ್ತಿ 35ಕ್ಕೆ ಇಳಿಸಿದರೂ ಗಾಳಿಯ ದಟ್ಟಣೆ ಹೆಚ್ಚುವುದು ಶೇ. 1.6ರಷ್ಟು. 300 ಅಶ್ವಶಕ್ತಿಯ ಕಾರಿಗೆ ಹೆಚ್ಚೆಂದರೆ 5 ಅಶ್ವಶಕ್ತಿ.

ಈಗ ಇನ್ನೊಂದು ಬಗೆಯ ಕಿಟ್ ನೋಡಿ. ಡಬ್ಬಿ ತೆಗೆದುಹಾಕಿ, ಬಾನೆಟ್ ಒಳಗೆ ಶಂಕುವಿನ ಆಕಾರದ ಫಿಲ್ಟರನ್ನು ಬೋಳಾಗಿ ಕೂರಿಸುವುದು. ಘಾಟಿಯಲ್ಲಿ ನಿಧಾನಕ್ಕೆ ಹೋಗುವಾಗ ಬಾನೆಟ್ ಒಳಗಿನ ಗಾಳಿ 50 ಡಿಗ್ರಿ ಮುಟ್ಟಿತೆಂದರೆ, 35 ಡಿಗ್ರಿಯ ಗಾಳಿಗಿಂತ ಅದು ಸುಮಾರು ಶೇ. 5ರಷ್ಟು ತೆಳು. ಹೆಸರು ‘ಕೋಲ್ಡ್ ಏರ್’, ಎಳೆಯುವುದು ಬಿಸಿ ಗಾಳಿ. ಹಣ ಕೊಟ್ಟು ಶಕ್ತಿ ಕಳೆದುಕೊಂಡ ಹಾಗೆ.

ಬಿಸಿ ಹುಟ್ಟುವುದು ಪಂಪಿನಲ್ಲಿ

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಸೂಪರ್‌ಚಾರ್ಜರ್‌ನಲ್ಲೂ ಆಗುವುದು ಅದೇ. 35 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ, ಪಂಪಿನ ದಕ್ಷತೆ ಶೇ. 60 ಇದ್ದಾಗ, ಹೊರಬರುವ ಗಾಳಿ ಸುಮಾರು 100 ಡಿಗ್ರಿಗೆ ಹೋಗುತ್ತದೆ. ಇಂಟೇಕ್‌ನಲ್ಲಿ ಉಳಿಸಿದ 5 ಡಿಗ್ರಿ ಈ 65 ಡಿಗ್ರಿಯ ಮುಂದೆ ಏನೂ ಅಲ್ಲ. ಈ ಬಿಸಿಯನ್ನು ಇಳಿಸುವ ಕೆಲಸ ಇಂಟರ್‌ಕೂಲರ್‌ನದು.

ಅದು ಸರಿಯಾಗಿ ಕೆಲಸ ಮಾಡದಿದ್ದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು ಗುರುತಿಸಿ ಕಿಡಿಯ ಸಮಯ ಹಿಂದಕ್ಕೆ ಹಾಕುತ್ತದೆ, ಶಕ್ತಿ ಇಳಿಯುತ್ತದೆ. ಆಡಿಯ 3 ಲೀಟರ್ ಎಂಜಿನ್‌ನಂಥವುಗಳಲ್ಲಿ ಇಂಟರ್‌ಕೂಲರ್ ತಂಪಾಗುವುದು ಕೂಲಂಟ್ ನೀರಿನಿಂದ. ಅದರ ಚಿಕ್ಕ ಪಂಪು ಕೆಟ್ಟರೆ ಎಷ್ಟೇ ದುಬಾರಿ ಇಂಟೇಕ್ ಹಾಕಿದರೂ ಪ್ರಯೋಜನವಿಲ್ಲ.

ಘಾಟಿಯಲ್ಲಿ ಏನಾಗುತ್ತದೆ?

ಕಿಟ್‌ನ ಇನ್ನೊಂದು ಲಾಭವೆಂದು ಹೇಳುವುದು ಗಾಳಿ ಸರಾಗವಾಗಿ ಹೋಗುವುದನ್ನು. ಇದರಲ್ಲೂ ಸತ್ಯವಿದೆ, ಆದರೆ ಆರ್‌ಪಿಎಂ ತುಂಬ ಮೇಲಿದ್ದಾಗ ಮಾತ್ರ. ಗಾಳಿಯ ಹರಿವು ಅರ್ಧವಾದರೆ ಫಿಲ್ಟರ್ ಒಡ್ಡುವ ತಡೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಬೋಡಿಮೆಟ್ಟಿನ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ, ಅರ್ಧ ಆಕ್ಸಿಲರೇಟರ್‌ನಲ್ಲಿ ಹತ್ತುವ ಕಾರಿಗೆ ಕಂಪನಿಯ ಫಿಲ್ಟರ್ ಒಂದು ತಡೆಯೇ ಅಲ್ಲ.

ಅಲ್ಲಿ ನಿಜವಾಗಿ ಶಕ್ತಿ ಕದಿಯುವುದು ಎತ್ತರ. ತೇನಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಮೇಲೆ, ಬೋಡಿಮೆಟ್ಟು ಸುಮಾರು 1,350 ಮೀಟರ್. ಮೇಲೆ ತಂಪಿದ್ದರೂ ಗಾಳಿಯ ಒತ್ತಡ ಕಡಿಮೆ. ಎರಡನ್ನೂ ಲೆಕ್ಕ ಹಾಕಿದರೆ ಗಾಳಿ ಸುಮಾರು ಶೇ. 10ರಷ್ಟು ತೆಳುವಾಗಿರುತ್ತದೆ. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಈ ಕೊರತೆಯನ್ನು ಒಂದು ಮಟ್ಟಿಗೆ ತುಂಬಿಕೊಳ್ಳಬಲ್ಲದು. ಸೂಪರ್‌ಚಾರ್ಜರ್ ಬೆಲ್ಟಿಗೆ ಕಟ್ಟಿಬಿದ್ದಿರುವುದರಿಂದ ಹಾಗೆ ಮಾಡಲಾರದು. ಶೇ. 10 ಹೋಗುವಲ್ಲಿ ಇಂಟೇಕ್ ಶೇ. 1 ಅಥವಾ 2 ಮರಳಿ ತಂದರೆ ಅದೇ ದೊಡ್ಡದು.

ಹಾಗಾದರೆ ‘ಹಾಕಿದ ಮೇಲೆ ಗಾಡಿ ಹಾರ್ತದೆ’ ಎನ್ನುವವರು ಸುಳ್ಳು ಹೇಳುತ್ತಾರಾ? ಹಾಗೇನಿಲ್ಲ. ಡಬ್ಬಿ ಹೋದ ಕೂಡಲೇ ಸೂಪರ್‌ಚಾರ್ಜರ್‌ನ ಶಿಳ್ಳೆ ಜೋರಾಗಿ ಕೇಳಿಸುತ್ತದೆ. ಸದ್ದು ಹೆಚ್ಚಾದಾಗ ವೇಗವೂ ಹೆಚ್ಚಾಯಿತೆಂದು ಮನಸ್ಸಿಗೆ ಅನ್ನಿಸುವುದು ಸಹಜ.

ಕಣಿವೆಯ ಧೂಳು, ಕರಾವಳಿಯ ಮಳೆ

ಪಶ್ಚಿಮ ಘಟ್ಟದ ಸಂದಿಯಿಂದ ಮುಂಗಾರಿನ ಗಾಳಿ ನುಗ್ಗುವ ದಾರಿಗಳಲ್ಲಿ ಕಂಬಂ ಕಣಿವೆಯೂ ಒಂದು. ತೇನಿ ಜಿಲ್ಲೆಯಲ್ಲಿ ಗಾಳಿ ಗಿರಣಿಗಳು ಸಾಲಾಗಿ ನಿಂತಿರುವುದು ಅದಕ್ಕೇ. ಆ ಗಾಳಿ ಒಣ ಹೊಲಗಳ ಧೂಳನ್ನೂ ಎಬ್ಬಿಸುತ್ತದೆ. ನುಣ್ಣನೆಯ ಮರಳಿನ ಕಣ ಎಂಜಿನ್‌ಗೆ ಹೋದರೆ ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆ ಸವೆಯುತ್ತವೆ, ಸೂಪರ್‌ಚಾರ್ಜರ್‌ನ ರೋಟರ್‌ಗಳಿಗೂ ಪೆಟ್ಟು. ಗಾಳಿ ಸರಾಗವಾಗಿ ಬಿಡುವ ಫಿಲ್ಟರ್ ಧೂಳನ್ನೂ ಸರಾಗವಾಗಿ ಬಿಡಬಾರದಲ್ಲ. ಏರ್ ಫಿಲ್ಟರ್‌ಗಳನ್ನು ಪರೀಕ್ಷಿಸಲು ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆ ಪರೀಕ್ಷೆಯ ಫಲಿತಾಂಶ ತೋರಿಸದ ಕಿಟ್‌ನಿಂದ ದೂರವಿರುವುದೇ ಲೇಸು. ದುಬೈ, ದೋಹಾದ ಮರಳುಗಾಳಿಯಲ್ಲಿ ಕಾರು ಓಡಿಸುವವರಿಗೂ ಇದೇ ಮಾತು.

ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್‌ನಲ್ಲಿ ಇನ್ನೊಂದು ತೊಂದರೆ ಉಂಟು. ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಎಂಎಎಫ್ ಸೆನ್ಸರ್‌ಗೆ ಅಂಟಿ ಅಳತೆ ತಪ್ಪುತ್ತದೆ. ಸೆನ್ಸರ್ ಕೂರುವ ಪೈಪಿನ ಅಗಲ ಬದಲಾದರೂ ಹಾಗೆಯೇ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ಸ್ಥಿತಿ ಸೂಪರ್‌ಚಾರ್ಜರ್ ಎಂಜಿನ್‌ಗೆ ಬಹಳ ಅಪಾಯ.

ಇನ್ನು ಬಂಪರ್ ಕೆಳಗೆ ಬಾಯಿ ಇಡುವ ಕಿಟ್‌ಗಳು. ತೇನಿಯ ಬಿಸಿಲಲ್ಲಿ ಅವು ಚೆನ್ನಾಗಿಯೇ ಇರಬಹುದು. ಊರಿಗೆ ಮರಳಿದ ಮೇಲೆ ಜುಲೈ ಮಳೆಗೆ ರಸ್ತೆಯಲ್ಲಿ ನೀರು ನಿಂತಾಗ ಅದೇ ಬಾಯಿ ನೀರು ಎಳೆದುಕೊಂಡರೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗಿ ಹೋಗುತ್ತದೆ. ಆಮೇಲಿನ ಖರ್ಚು ಕಿಟ್‌ನ ಹಲವು ಪಟ್ಟು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ತಾನು ಹಾಕಿಸಬೇಕೆಂದಿರುವ ಕಿಟ್ ಇದರ ವ್ಯಾಪ್ತಿಗೆ ಬರುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿಕೊಳ್ಳಬೇಕು. ವಾರಂಟಿ ಬಾಕಿ ಇದ್ದರೆ ಅದನ್ನೂ ಯೋಚಿಸಬೇಕು.

ಯಾರಿಗೆ ಲಾಭ?

ಸಣ್ಣ ಪುಲ್ಲಿ ಹಾಕಿ ಸೂಪರ್‌ಚಾರ್ಜರನ್ನು ಜೋರಾಗಿ ತಿರುಗಿಸಿ, ಇಸಿಯು ಟ್ಯೂನ್ ಮಾಡಿಸಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ಓಡಿಸುವವರಿಗೆ ದೊಡ್ಡ ಇಂಟೇಕ್ ಅಗತ್ಯವಾಗಬಹುದು. ಅಲ್ಲಿ ಹರಿವು ಹೆಚ್ಚು, ಕಂಪನಿಯ ಡಬ್ಬಿ ಸಾಲದೆ ಬರುತ್ತದೆ.

ಬೇಕೋ ಬೇಡವೋ ಎಂದು ತಿಳಿಯಲು ಸುಲಭದ ದಾರಿ ಉಂಟು. ಡೈನೊ ಇರುವ ಗ್ಯಾರೇಜಿನಲ್ಲಿ ಫಿಲ್ಟರ್ ಮತ್ತು ಸೂಪರ್‌ಚಾರ್ಜರ್ ನಡುವೆ ಒತ್ತಡದ ಮೀಟರ್ ಹಾಕಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡುವುದು. ಒತ್ತಡ ಒಂದೆರಡು ಕಿಲೋಪಾಸ್ಕಲ್‌ನಷ್ಟೇ ಇಳಿದರೆ ಗಳಿಸಲು ಅಲ್ಲಿ ಹೆಚ್ಚೇನೂ ಇಲ್ಲ. ಕಿಟ್ ಹಾಕುವ ಮೊದಲು, ನಂತರ ಎರಡೂ ಸಲ ಬಾನೆಟ್ ಮುಚ್ಚಿಯೇ, ಅದೇ ಡೈನೊದಲ್ಲಿ ಮೂರು ಮೂರು ಬಾರಿ ಓಡಿಸಬೇಕು. ಬಾನೆಟ್ ತೆರೆದು, ಮುಂದೆ ದೊಡ್ಡ ಫ್ಯಾನ್ ಇಟ್ಟು ತೋರಿಸುವ ಲೆಕ್ಕ ರಸ್ತೆಗೆ ಅನ್ವಯಿಸುವುದಿಲ್ಲ.

ಉಳಿದವರು ಅದೇ ಹಣದಲ್ಲಿ ಹೊಸ ಏರ್ ಫಿಲ್ಟರ್ ಹಾಕಿಸಬಹುದು, ಸೂಪರ್‌ಚಾರ್ಜರ್ ಬೆಲ್ಟ್ ಮತ್ತು ಟೆನ್ಷನರ್ ನೋಡಿಸಬಹುದು, ಗಾಳಿಯ ಹೋಸ್‌ಗಳಲ್ಲಿ ಸೋರಿಕೆ ಇದೆಯೇ ಎಂದು ಪರೀಕ್ಷಿಸಿ ಇಂಟರ್‌ಕೂಲರ್ ಶುಚಿ ಮಾಡಿಸಬಹುದು. ಕಳೆದುಹೋದ ಶಕ್ತಿ ಬಹಳ ಸಲ ಇಲ್ಲೇ ಸಿಗುತ್ತದೆ. ಮಿಕ್ಕ ಹಣ ಬ್ರೇಕ್ ಪ್ಯಾಡ್‌ಗೆ, ಟೈರಿಗೆ ಹೋಗಲಿ. ಬೋಡಿಮೆಟ್ಟು ಹತ್ತಲು ಯಾವ ಕಾರಿಗೂ ಇನ್ನೈದು ಅಶ್ವಶಕ್ತಿ ಬೇಕಾಗಿಲ್ಲ. ಇಳಿಯಲು ಮಾತ್ರ ಒಳ್ಳೆಯ ಬ್ರೇಕ್ ಬೇಕೇ ಬೇಕು.