ಆಕಾಶದ ಜಾಹೀರಾತು, ಊರಿನ ಅಂಗಡಿ

ನಮ್ಮ ನಡುಮನೆಗಳಿಗೆ ಹೊರದೇಶದ ಜಾಹೀರಾತುಗಳನ್ನು ಸಾಲುಸಾಲಾಗಿ ತಂದ ಉಪಗ್ರಹ ಒಂದು ಬಗೆಯಲ್ಲಿ ಹಳೆಯ ಸಾಮಾನೇ. 1984ರ ಫೆಬ್ರವರಿಯಲ್ಲಿ ವೆಸ್ಟಾರ್-6 ಎಂಬ ಹೆಸರಿನಲ್ಲಿ ಮೇಲೇರಿದ ಅದು ಸರಿಯಾದ ಕಕ್ಷೆ ಸೇರದೆ ನಿರುಪಯುಕ್ತವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಡಿಸ್ಕವರಿ ನೌಕೆಯ ಗಗನಯಾತ್ರಿಗಳು ಅದನ್ನು ಹಿಡಿದು ಭೂಮಿಗೆ ತಂದರು. ದುರಸ್ತಿಗೊಂಡು, ಏಷ್ಯಾಸ್ಯಾಟ್-1 ಎಂಬ ಹೊಸ ಹೆಸರು ಪಡೆದು, 1990ರ ಏಪ್ರಿಲಿನಲ್ಲಿ ಚೀನಾದ ರಾಕೆಟ್ಟಿನ ಮೇಲೆ ಅದು ಮತ್ತೆ ಏರಿತು. ಮರುವರ್ಷ ಹಾಂಗ್‌ಕಾಂಗಿನ ಸ್ಟಾರ್ ಸಂಸ್ಥೆಯ ವಾಹಿನಿಗಳು ಅದರಿಂದ ಇಳಿಯತೊಡಗಿದವು.

ಈ ಉಪಗ್ರಹಕ್ಕೆ ಎರಡು ಕಿರಣಗಳಿದ್ದವು. ಉತ್ತರದ್ದು ಚೀನಾ, ಜಪಾನುಗಳ ಕಡೆಗೆ. ದಕ್ಷಿಣದ್ದು ಆಗ್ನೇಯ ಏಷ್ಯಾದಿಂದ ಅರಬರ ನಾಡಿನವರೆಗೆ. ಮದರಾಸು ಆ ಎರಡನೆಯದರ ನಡುವೆ ಎಲ್ಲೋ ಬೀಳುವ ಒಂದು ಚುಕ್ಕೆ. ಹಾಂಗ್‌ಕಾಂಗಿನಲ್ಲಿ ಕುಳಿತು ಜಾಹೀರಾತು ಹಾಕುವವನಿಗೆ ದುಬೈಯ ನೋಡುಗ, ಮೈಲಾಪುರದ ನೋಡುಗ ಎಂಬ ಭೇದವಿರಲಿಲ್ಲ. ಇಲ್ಲಿ ದೊರೆಯದ ಸರಕು, ಇಲ್ಲಿ ಇಳಿಯದ ವಿಮಾನ, ಇಲ್ಲಿ ಚಲಾವಣೆಯಿಲ್ಲದ ಬೆಲೆ, ಎಲ್ಲವೂ ತೆರೆಯ ಮೇಲೆ ಬರಬಹುದಿತ್ತು.

ನಮ್ಮವರಿಗೆ ಜಾಹೀರಾತು ಹೊಸದಲ್ಲ. ಮದರಾಸಿನಲ್ಲಿ ದೂರದರ್ಶನ ಕೇಂದ್ರ ತೆರೆದದ್ದು 1975ರ ಆಗಸ್ಟ್ 15ರಂದು. ಮರುವರ್ಷದ ಜನವರಿ 1ರಿಂದಲೇ ದೂರದರ್ಶನ ಜಾಹೀರಾತು ತೆಗೆದುಕೊಳ್ಳತೊಡಗಿತು. ಅದಕ್ಕೂ ಮೊದಲು ಸಿನೆಮಾ ಮಂದಿರಗಳಿದ್ದವು. ಚಿತ್ರ ಬೊಂಬಾಯಿಯದಾಗಲಿ, ಅಮೆರಿಕದ್ದಾಗಲಿ, ಅದು ಆರಂಭವಾಗುವ ಮೊದಲು ಮತ್ತು ಮಧ್ಯಂತರದಲ್ಲಿ ಮೂಡುತ್ತಿದ್ದ ಗಾಜಿನ ಸ್ಲೈಡುಗಳು ಮಾತ್ರ ಅದೇ ಬೀದಿಯ ಜವಳಿ ಅಂಗಡಿಯವು, ಪಕ್ಕದ ಓಣಿಯ ದರ್ಜಿಯವು. ಹೊರಗಿನ ಕಥೆಯೊಳಗೆ ಊರಿನ ಅಂಗಡಿಯನ್ನು ಸೇರಿಸುವ ವಿದ್ಯೆಯನ್ನು ನಾವು ಕೇಬಲ್‌ನವರಿಂದ ಕಲಿಯಬೇಕಾಗಿರಲಿಲ್ಲ. ಆದರೆ ಮಂದಿರದವನು ಚಿತ್ರದೊಳಗಿನ ಏನನ್ನೂ ತೆಗೆಯುತ್ತಿರಲಿಲ್ಲ; ಬಿಡುವಿನಲ್ಲಿ ತನ್ನದನ್ನು ಇಡುತ್ತಿದ್ದನಷ್ಟೆ. ಇನ್ನೊಬ್ಬರದನ್ನು ತೆಗೆದು ಅಲ್ಲಿ ತನ್ನದನ್ನು ಇಡುವುದು ಬೇರೆಯೇ ಮಾತು.

ಅದು ಮೊದಲು ದೊಡ್ಡ ವ್ಯಾಜ್ಯವಾದದ್ದು ಕೆನಡಾದಲ್ಲಿ. ಗಡಿಯಾಚೆಯ ಬಫಲೋ ನಗರದ ಅಮೆರಿಕನ್ ಕೇಂದ್ರಗಳನ್ನು ಟೊರಾಂಟೊದ ಜನ ಕೇಬಲಿನಲ್ಲಿ ನೋಡುತ್ತಿದ್ದರು. ಟೊರಾಂಟೊದ ವ್ಯಾಪಾರಿಗಳ ಜಾಹೀರಾತಿನ ಹಣವೂ ಗಡಿ ದಾಟಿ ಬಫಲೋಗೆ ಹರಿಯುತ್ತಿತ್ತು. 1970ರ ದಶಕದಲ್ಲಿ ಪ್ರಸಾರ ನಿಯಂತ್ರಣ ಮಂಡಳಿಯ ಒಪ್ಪಿಗೆಯೊಡನೆ ಕೇಬಲ್ ಕಂಪನಿ ಆ ಅಮೆರಿಕನ್ ಜಾಹೀರಾತುಗಳನ್ನು ಕತ್ತರಿಸಿ ಬೇರೆಯವನ್ನು ತುಂಬತೊಡಗಿತು. ಬಫಲೋದವರು ನ್ಯಾಯಾಲಯಕ್ಕೆ ಹೋದರು. 1977ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಮಂಡಳಿಯ ಅಧಿಕಾರವನ್ನು ಎತ್ತಿಹಿಡಿಯಿತು. ಗಡಿಯಾಚೆಯ ಕೇಂದ್ರಕ್ಕೆ ಕೊಟ್ಟ ಜಾಹೀರಾತಿನ ವೆಚ್ಚಕ್ಕೆ ತೆರಿಗೆಯಲ್ಲಿ ವಿನಾಯಿತಿಯಿಲ್ಲ ಎಂದು 1976ರಲ್ಲೇ ಅಲ್ಲಿ ಕಾನೂನಾಗಿತ್ತು. ತಮಾಷೆಯೆಂದರೆ, ಮುಂದೆ ಅಲ್ಲಿನ ನೋಡುಗರೇ ಅಮೆರಿಕದ ಸೂಪರ್ ಬೌಲ್ ಪಂದ್ಯದ ಮೂಲ ಜಾಹೀರಾತುಗಳು ಬೇಕೆಂದು ಹಟ ಹಿಡಿದರು. ಮಂಡಳಿ ಅವರ ಮಾತಿಗೆ ಮಣಿಯಿತು. 2019ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿತು.

ಭಾರತ ಇಂಥ ವಾದವನ್ನು ಬಹಿರಂಗವಾಗಿ ನಡೆಸಲಿಲ್ಲ. 1995ರ ಕೇಬಲ್ ದೂರದರ್ಶನ ಕಾಯ್ದೆ ಜಾಹೀರಾತು ಸಂಹಿತೆಯನ್ನೇನೋ ತಂದಿತು. ಆದರೆ ಡಿಕೋಡರ್ ಇಲ್ಲದೆ ದೊರೆಯುವ ವಿದೇಶಿ ಉಪಗ್ರಹ ವಾಹಿನಿಗಳಿಗೆ ಅದು ಅನ್ವಯಿಸದೆಂದು ಅಲ್ಲೇ ಬರೆದಿತ್ತು. ಊರಿನ ವಾಹಿನಿಗೆ ನಿಯಮ, ಆಕಾಶದ ವಾಹಿನಿಗೆ ರಿಯಾಯಿತಿ! 2000ದ ತಿದ್ದುಪಡಿಯಲ್ಲಿ ಆ ವಿನಾಯಿತಿ ಹೋಯಿತು. ಮದ್ಯ, ತಂಬಾಕುಗಳ ಜಾಹೀರಾತಿಗೆ ಕೇಬಲಿನ ಬಾಗಿಲು ಮುಚ್ಚಿತು. ಅವುಗಳ ಜಾಗಕ್ಕೆ ಅದೇ ಹೆಸರು ಹೊತ್ತ ಸೋಡಾ ಬಂದದ್ದನ್ನು ಎಲ್ಲರೂ ಕಂಡಿದ್ದೇವೆ. ಅದೂ ಒಂದು ಬದಲಾವಣೆಯೇ ಎನ್ನಬೇಕು. ಅದೇ ಕಾಯ್ದೆಯ 8ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ: ದೂರದರ್ಶನದ ವಾಹಿನಿಗಳನ್ನು ಏನನ್ನೂ ತೆಗೆಯದೆ, ಬದಲಿಸದೆ ಮರುಪ್ರಸಾರ ಮಾಡಬೇಕು. ಕಾಯ್ದೆ ಹೀಗೆ ಹೆಸರೆತ್ತಿ ಕಾಪಾಡಿದ್ದು ಸರ್ಕಾರಿ ವಾಹಿನಿಯನ್ನು. ಉಳಿದವುಗಳ ತೆರೆಯ ಕೆಳಗೆ ಬಡಾವಣೆಯ ಕೇಬಲ್‌ನವನು ಪೀಠೋಪಕರಣದ ಅಂಗಡಿಯ ಹೆಸರು, ಫೋನ್ ನಂಬರುಗಳ ಪಟ್ಟಿಯನ್ನು ಓಡಿಸುತ್ತಿದ್ದ, ವಾಹಿನಿಯವರು ಗೊಣಗುತ್ತಿದ್ದರು. ನನಗೆ ಆ ಪಟ್ಟಿಯ ಮೇಲೆ ಕೋಪವಿಲ್ಲ. ಅದನ್ನು ಓಡಿಸಿದವನು ಯಾರೆಂದು ಬೀದಿಗೆಲ್ಲ ಗೊತ್ತಿತ್ತು.

ಇನ್ನು ಕನ್ನಡದ ಮಾತು. 1993ರ ಏಪ್ರಿಲ್ 14ರಂದು, ತಮಿಳರ ಹೊಸವರ್ಷದ ದಿನ, ಮದರಾಸಿನಲ್ಲಿ ಸನ್ ಟಿವಿ ಆರಂಭವಾಯಿತು. ಹಾಂಗ್‌ಕಾಂಗಿನ ಜಾಹೀರಾತಿಗೆ ದೊರೆತ ನಿಜವಾದ ಉತ್ತರ ಅದು: ಅವರದನ್ನು ಅಳಿಸುವ ಗೋಜಿಗೆ ಹೋಗದೆ ಊರಿನ ಮಾತಿನಲ್ಲಿ ಬೇರೆಯೇ ವಾಹಿನಿ ಕಟ್ಟುವುದು. ಗೃಹೋಪಯೋಗಿ ಸಾಮಾನುಗಳ ವಸಂತ್ ಆ್ಯಂಡ್ ಕೋ ಅಂಗಡಿಯ ಎಚ್. ವಸಂತಕುಮಾರ್ ತಮ್ಮ ಜಾಹೀರಾತಿನಲ್ಲಿ ತಾವೇ ಕೈಮುಗಿದು ನಿಂತು ಮನೆಮಾತಾದರು. ಮುಂದೆ ಕನ್ಯಾಕುಮಾರಿಯ ಲೋಕಸಭಾ ಸದಸ್ಯರೂ ಆದರು. 1994ರಲ್ಲಿ ಅದೇ ಸಂಸ್ಥೆಯಿಂದ ಉದಯ ಟಿವಿ ಬಂದಿತು. ಕನ್ನಡದ ಖಾಸಗಿ ಉಪಗ್ರಹ ಪ್ರಸಾರಕ್ಕೆ ದಾರಿ ಮಾಡಿದ್ದು ಹೀಗೆ ಮದರಾಸಿನ ಮನೆತನ. ಇಲ್ಲಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾದ ಕಾಲವನ್ನು ಬಲ್ಲ ಹಿರಿಯರಿಗೆ ಇದು ಅಚ್ಚರಿಯಾಗಿರಲಾರದು.

ಉದಯದ ಜಾಹೀರಾತುಗಳು ಮಾತ್ರ ಇಲ್ಲಿನವರಿಗಲ್ಲ, ಕರ್ನಾಟಕದವರಿಗೆ. ಚೆನ್ನೈಯ ಕನ್ನಡ ಮನೆಯಲ್ಲಿ ಧಾರಾವಾಹಿಯ ನಡುವೆ ಬೆಂಗಳೂರಿನ ಚಿನ್ನದಂಗಡಿಯ ಆಷಾಢದ ರಿಯಾಯಿತಿ ಬರುತ್ತದೆ. ಹೋಗಿ ಕೊಳ್ಳಬೇಕೆಂದರೆ ರಾತ್ರಿಯ ರೈಲು ಹಿಡಿಯಬೇಕು. ಚಾನೆಲ್ ಬದಲಿಸಿದರೆ ತಮಿಳಿನಲ್ಲಿ ಪಾಂಡಿ ಬಜಾರಿನ ಸೀರೆಯಂಗಡಿ. ಮೊದಲನೆಯದರ ಮಾತು ನಮ್ಮದು, ಅಂಗಡಿ ನಮ್ಮದಲ್ಲ. ಎರಡನೆಯದರ ಅಂಗಡಿ ನಮ್ಮದು, ಅಲ್ಲಿಗೆ ವಾರವಾರ ಹೋಗುತ್ತೇವೆ; ಮಾತು ಬೇರೆ.

2003ರ ಸೆಪ್ಟೆಂಬರ್ 1ರಂದು ಪಾವತಿ ವಾಹಿನಿಗಳಿಗೆ ಸೆಟ್‌ಟಾಪ್ ಪೆಟ್ಟಿಗೆ ಕಡ್ಡಾಯವಾದದ್ದು ಚೆನ್ನೈಯಲ್ಲಿ ಮಾತ್ರ. ಉಳಿದ ಮಹಾನಗರಗಳಲ್ಲಿ ಆ ವ್ಯವಸ್ಥೆ ಮುಂದೆ ಹೋಯಿತು. ಪೆಟ್ಟಿಗೆ ಕೊಳ್ಳದವರಿಗೆ ಉಚಿತ ವಾಹಿನಿಗಳಷ್ಟೇ ಉಳಿದವು. ಯಾವ ಮನೆಗೆ ಏನು ಹೋಗಬೇಕೆಂಬುದನ್ನು ಕೇಬಲ್ ಕಂಪನಿಯ ಕಂಟ್ರೋಲ್ ರೂಮು ತೀರ್ಮಾನಿಸಬಲ್ಲುದೆಂದು ಈ ಊರು ಇತರರಿಗಿಂತ ಮೊದಲು ಕಂಡಿತು.

ಮುಂದಿನ ಹೆಜ್ಜೆ ಬೆಂಗಳೂರಿನಿಂದ ಬಂತು. 2008ರಲ್ಲಿ ಅಲ್ಲಿ ಮೂವರು ಇಂಜಿನಿಯರುಗಳು ಸ್ಥಾಪಿಸಿದ ಅಮಾಗಿ ಎಂಬ ಸಂಸ್ಥೆ ರಾಷ್ಟ್ರೀಯ ವಾಹಿನಿಯ ಜಾಹೀರಾತನ್ನು ಊರಿಗೊಂದರಂತೆ ಬದಲಿಸುವ ಉಪಾಯ ಕಂಡುಹಿಡಿಯಿತು. ದೇಶಕ್ಕೆಲ್ಲ ಹೋಗುವ ಜಾಹೀರಾತಿನಲ್ಲಿ ನೋಡುಗನಿಗೆ ತಿಳಿಯದ ಒಂದು ಗುರುತನ್ನು ಅಡಗಿಸುತ್ತಾರೆ. ಕಂಟ್ರೋಲ್ ರೂಮಿನಲ್ಲಿಟ್ಟ ಯಂತ್ರ ಆ ಗುರುತನ್ನು ಕಂಡೊಡನೆ ಅಷ್ಟೇ ಸೆಕೆಂಡಿನ ಊರಿನ ಜಾಹೀರಾತನ್ನು ಅಲ್ಲಿ ಕೂರಿಸುತ್ತದೆ. ಇದು ವಾಹಿನಿಯ ಒಪ್ಪಂದದಿಂದಲೇ ನಡೆಯುವ ವ್ಯವಹಾರ, ಕಳ್ಳತನವಲ್ಲ. ದೇಶವ್ಯಾಪಿ ಜಾಹೀರಾತಿನ ದರ ತೆರಲಾರದ ಮಧ್ಯಮ ವರ್ತಕನಿಗೆ ದೊಡ್ಡ ವಾಹಿನಿಯ ಬಾಗಿಲು ತೆರೆಯಿತು. ಗಾಜಿನ ಸ್ಲೈಡಿನ ಕಾಲದಿಂದ ಅವನು ಬೇಡುತ್ತಿದ್ದುದು ಇದನ್ನೇ. ಅವನ ಪಾಲಿಗೆ ಇದು ಒಳ್ಳೆಯ ಕೆಲಸವೆಂದೇ ನಾನು ಎಣಿಸುತ್ತೇನೆ. ಮದರಾಸಿನ ಸಂಸ್ಥೆ ಕನ್ನಡಕ್ಕೆ ವಾಹಿನಿ ಕೊಟ್ಟಿತು, ಬೆಂಗಳೂರಿನ ಸಂಸ್ಥೆ ಊರೂರ ಅಂಗಡಿಗೆ ಯಂತ್ರ ಕೊಟ್ಟಿತು. ಎರಡು ಊರುಗಳ ಕೊಡುಕೊಳ್ಳುವಿಕೆಯಲ್ಲಿ ಕಾವೇರಿಯ ನೀರೊಂದೇ ಅಲ್ಲ ಇರುವುದು.

ಆದರೆ ಯಂತ್ರಕ್ಕೆ ತಿಳಿದಿರುವುದು ಊರು ಮಾತ್ರ. ಚೆನ್ನೈ ಎಂದರೆ ತಮಿಳು, ಬೆಂಗಳೂರು ಎಂದರೆ ಕನ್ನಡ ಎಂಬುದು ಅದನ್ನು ಬಳಸುವವರ ಲೆಕ್ಕ. ಹಾಂಗ್‌ಕಾಂಗಿನ ಜಾಹೀರಾತು ಇಂಗ್ಲಿಷಿನಲ್ಲಿ ಎಲ್ಲರನ್ನೂ ಸಮನಾಗಿ ಕಡೆಗಣಿಸುತ್ತಿತ್ತು. ಅದರ ಎದುರು ತಮಿಳು ಮನೆ, ಕನ್ನಡ ಮನೆ, ಸೌಕಾರ್‌ಪೇಟೆಯ ಮಾರವಾಡಿ ಮನೆ ಎಲ್ಲವೂ ಒಂದೇ. ಅದರ ಜಾಗಕ್ಕೆ ಊರಿನದು ಬಂದಾಗ ಊರಿನ ಬಹುಸಂಖ್ಯಾತರ ಮಾತೂ ಜೊತೆಗೆ ಬಂದಿತು, ಅದು ಸಹಜವೇ. ಬೆಂಗಳೂರಿನಲ್ಲಿರುವ ತಮಿಳು ಮನೆಗೂ ಇದೇ ಗತಿ. ಕಾಸರಗೋಡಿನ ಕನ್ನಡ ಮನೆಗೆ ಮಲಯಾಳದಲ್ಲಿ. ತಲೆಮಾರುಗಳಿಂದ ಇಲ್ಲಿಯೇ ಅಂಗಡಿ, ಹೋಟೆಲು ನಡೆಸಿದ ಉಡುಪಿಯವರೂ ಈ ಊರಿನಲ್ಲಿ ಜಾಹೀರಾತು ಕೊಡುವುದಾದರೆ ತಮಿಳಿನಲ್ಲಿ ಕೊಡುತ್ತಾರೆ, ಕೊಡಬೇಕಾದದ್ದೂ ಹಾಗೆಯೇ.

ಈಗ ಅಂತರ್ಜಾಲದ ಟಿವಿಯಲ್ಲಿ ಜಾಹೀರಾತನ್ನು ಮನೆಮನೆಗೂ ಬೇರೆಬೇರೆಯಾಗಿ ಬದಲಿಸಬಹುದು. ಕಂಟ್ರೋಲ್ ರೂಮಿನ ಯಂತ್ರಕ್ಕಾಗದ ಕೆಲಸ ಇಲ್ಲಿ ಸಾಧ್ಯ: ಕನ್ನಡ ಕಾರ್ಯಕ್ರಮ ನೋಡುವ ಚೆನ್ನೈಯ ಮನೆಗೆ ಪಾಂಡಿ ಬಜಾರಿನ ಅಂಗಡಿಯನ್ನು ಕನ್ನಡದಲ್ಲಿ ತೋರಿಸಬಹುದು. ಅದಕ್ಕೆ ಆ ಅಂಗಡಿಯವರು ಒಂದು ಕನ್ನಡ ಜಾಹೀರಾತು ಮಾಡಿಸಿರಬೇಕು. ಹಾಗೆ ಮಾಡಿಸಲು ಇಲ್ಲಿ ಕನ್ನಡದವರು ಇದ್ದಾರೆಂದು ಅವರಿಗೆ ಗೊತ್ತಿರಬೇಕು. ಅವರ ಅಂಗಡಿಯಲ್ಲಿ ನಾವು ಬೆಲೆ ಕೇಳುವುದು ತಮಿಳಿನಲ್ಲಿ.